ಪುಸ್ತಕ ಹೊಲಿದ ಮೇಷ್ಟ್ರು

ಮುನಿಶಾಮಪ್ಪ ಮೇಷ್ಟ್ರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ದಬ್ಬಣ ಸಿಕ್ಕಿಸಿಕೊಂಡಿರುತ್ತಿತ್ತು. ಮೂಟೆ ಹೊಲಿಯುತ್ತಾರಲ್ಲ, ಆ ದಪ್ಪ ಸೂಜಿ. ಪ್ಯಾಂಟಿನ ಜೇಬಿನಲ್ಲಿ ಗೋಣಿದಾರದ ಉಂಡೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡೋರಿಗೆ ದಬ್ಬಣ ಯಾಕೆ ಅಂತ ಹೊಸಬರು ಕೇಳೋರು. ನಮ್ಮೂರವರು ಯಾರೂ ಕೇಳುತ್ತಿರಲಿಲ್ಲ. ಸಂಕ್ರಾಂತಿ ಕಳೆಯಿತು ಅಂದರೆ ಹತ್ತನೇ ಕ್ಲಾಸಿನ ಮಕ್ಕಳು ಲೆಕ್ಕದ ಪುಸ್ತಕ ಹಿಡಿದು ಅವರ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಮೇಷ್ಟ್ರು ಒಂದೊಂದೇ ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು, ಪರೀಕ್ಷೆಗೆ ಬೇಡದ ಪಾಠದ ಹಾಳೆಗಳನ್ನೆಲ್ಲ ಒಟ್ಟಿಗೆ ಹಿಡಿದು, ಅಂಚಿಗೆ ದಬ್ಬಣ ತೂರಿಸಿ ಹೊಲಿದುಬಿಡುತ್ತಿದ್ದರು. ಒಂದೊಂದು ಕಟ್ಟು ಹೊಲಿದು ಗಂಟು ಹಾಕಿದಾಗಲೂ "ಪೋನೀಲೇ" ಅನ್ನೋರು. ನಮ್ಮ ಕಡೆ ಕನ್ನಡ ತೆಲುಗು ಎರಡೂ ಒಂದೇ ಬಾಯಲ್ಲಿ ಬರುತ್ತೆ. ಹೋಗ್ಲಿ ಬಿಡು ಅಂತ ಅದರ ಅರ್ಥ.

ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಆದರೂ ಈವತ್ತು ಅವರ ವಿಷಯ ಬರೆಯಬೇಕು ಅಂತ ಕೂತಿದ್ದೀನಿ, ಯಾಕೆಂದರೆ ಖುಷಿ ತಡೆಯೋಕೆ ಆಗುತ್ತಿಲ್ಲ. ನನ್ನ ಮೊಮ್ಮಗಳು ಹರ್ಷಿತ ಡಿಗ್ರಿ ಕಾಲೇಜಿನ ಲೆಕ್ಕದ ಪೇಪರು ಪಾಸು ಮಾಡಿದ್ದಾಳೆ. ನಮ್ಮದು ಸ್ಕಂದಗಿರಿ ಬೆಟ್ಟದ ಬುಡ, ಕಳವಾರದ ಪಕ್ಕದ ಊರು. ಬೆಳಗಿನಿಂದ ಬೀದೀಲಿ ಹೋಗೋರನ್ನೆಲ್ಲ ಕರೆದು ಸಕ್ಕರೆ ಕೊಟ್ಟಿದ್ದೀನಿ. ಬೆಟ್ಟ ಹತ್ತೋಕೆ ಬಂದಿದ್ದ ಬೆಂಗಳೂರಿನ ಹುಡುಗರಿಗೂ ಕೊಟ್ಟೆ. ಅವರು ಯಾವುದೋ ಹರಕೆ ಇರಬೇಕು ಅಂತ ಕಣ್ಣಿಗೊತ್ತಿಕೊಂಡು ತಿಂದರು. ಎಲ್ಲರಿಗೂ ಕೊಟ್ಟೆ, ಮೊದಲು ಕೊಡಬೇಕಾದವರಿಗೆ ಮಾತ್ರ ಕೊಡೋಕೆ ಆಗಲಿಲ್ಲ. ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಗುತ್ತಾ ಬಂತು.

ಕುಳ್ಳಗೆ, ಸ್ವಲ್ಪ ಬೆನ್ನು ಬಾಗಿದ ಆಳು. ಎಷ್ಟೇ ಸೆಕೆಯಿದ್ದರೂ ಅಂಗಿಯ ಮೇಲಿನ ಗುಂಡಿ ಹಾಕಿಯೇ ಇರೋರು. ಹಳೇ ಮೊಪೆಡ್ಡಿನಲ್ಲಿ ಬರೋರು; ಅದರ ಸದ್ದು ಕೇಳಿದರೆ ಹೂ ಬಿಡಿಸುತ್ತಿದ್ದ ಮಕ್ಕಳೂ ಎದ್ದು ನಿಲ್ಲುತ್ತಿದ್ದವು. ಮೂಲ ಚಿಂತಾಮಣಿ. ಅಲ್ಲಿನ ಮಂಡಿಯಲ್ಲಿ ಅವರ ತಂದೆ ಕಡಲೆಕಾಯಿ ಮೂಟೆ ಹೊಲಿಯುವ ಕೆಲಸದಲ್ಲಿದ್ದರಂತೆ. "ನಮ್ಮಪ್ಪ ಮೂಟೆ ಹೊಲ್ದ, ನಾನು ಪುಸ್ತಕ ಹೊಲೀತೀನಿ. ಕುಲಕಸುಬು ಬಿಡಬಾರದು ನೋಡಿ" ಅಂತ ಅವರೇ ಹೇಳಿಕೊಂಡು ನಗೋರು. ನಗುವಾಗ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯೋದು.

ಹೊಲಿಯದೆ ಬಿಟ್ಟ ಪಾಠಗಳಿದ್ದವಲ್ಲ, ಅವನ್ನು ಮಕ್ಕಳಿಗೆ ಕುಡಿಸಿಬಿಡೋರು. ಗ್ರಾಫು ಅಂದರೆ ಅವರಿಗೆ ಪ್ರಾಣ. "ಗ್ರಾಫು ಅಂದ್ರೆ ಮನೆ ಬಾಗಿಲಿಗೆ ಬಂದು ನಿಂತಿರೋ ನಾಲ್ಕು ಮಾರ್ಕು. ಒಳಗೆ ಬಾ ಅನ್ನೋದೊಂದೇ ನಿಮ್ಮ ಕೆಲಸ" ಅನ್ನೋರು. ನಮ್ಮ ಹರ್ಷಿತ ಹತ್ತನೇ ಕ್ಲಾಸಿನಲ್ಲಿದ್ದಾಗ ಹಾಲು ಹಾಕೋಕೆ ಡೈರಿಗೆ ಹೋಗುವಾಗಲೂ ದಾರಿಯ ಮಣ್ಣಿನಲ್ಲಿ ಕಡ್ಡಿಯಿಂದ ಎರಡು ಗೆರೆ ಎಳೆದು, ಅವು ಕೂಡೋ ಕಡೆ ಒಂದು ಚುಕ್ಕಿ ಇಟ್ಟು ಹೋಗುತ್ತಿದ್ದಳು. ಆ ಚುಕ್ಕಿ ಏನು ಹೇಳುತ್ತೆ ಅಂತ ನಾನೊಂದು ಸಲ ಕೇಳಿದೆ. "ಅದು ಉತ್ತರ ಅಜ್ಜಿ" ಅಂದಳು. ಯಾವುದರ ಉತ್ತರ ಅಂದೆ. "ಪರೀಕ್ಷೇಲಿ ಅದೆಲ್ಲ ಕೇಳಲ್ಲ, ಚುಕ್ಕಿ ಇಟ್ರೆ ಸಾಕು" ಅಂದಳು.

ಊರಿನಲ್ಲಿ ಮೇಷ್ಟ್ರ ಹೊಲಿಗೆಗೆ ಎಂಥ ಮರ್ಯಾದೆ ಇತ್ತು ಅಂದರೆ ತಾಯಂದಿರು ಅದಕ್ಕೂ ಜಗಳ ಆಡೋರು. ನಮ್ಮ ಎದುರುಮನೆ ರತ್ನಮ್ಮ ಒಂದು ಸಲ ಸ್ಕೂಲಿಗೇ ಹೋಗಿ, ಪಕ್ಕದ ಮನೆ ಹುಡುಗನ ಪುಸ್ತಕಕ್ಕೆ ನಾಲ್ಕು ಕಟ್ಟು ಹಾಕಿದ್ದೀರಿ, ನಮ್ಮ ಹುಡುಗನಿಗೆ ಎರಡೇ ಕಟ್ಟು, ಬಡವರು ಅಂತ ಹಿಂಗೆ ಮಾಡ್ತೀರಾ ಅಂತ ಕೇಳಿದಳು. ಮೇಷ್ಟ್ರು ಪಾಪ ಇನ್ನೂ ಎರಡು ಹಾಕಿ ಕಳಿಸಿದರು. ಆ ಹುಡುಗನೂ ಪಾಸಾದ. ಅವರು ಬಂದ ಮೇಲೆ ನಮ್ಮ ಸ್ಕೂಲಿನಲ್ಲಿ ಲೆಕ್ಕದಲ್ಲಿ ಫೇಲಾದ ಮಗುವೇ ಇಲ್ಲ ಅನ್ನೋ ಹಾಗಾಯಿತು.

ಹರ್ಷಿತಳ ಪುಸ್ತಕ ತೊಡೆ ಮೇಲೆ ಬಂದಾಗ ಮಾತ್ರ ಮೇಷ್ಟ್ರು ದಬ್ಬಣ ಕೆಳಗಿಟ್ಟರಂತೆ. ಈ ಹುಡುಗಿ ಯಾಕೆ ಏನು ಅಂತ ಕೇಳುತ್ತೆ, ಇವಳಿಗೆ ಪೂರ್ತಿ ಪುಸ್ತಕ ಇರಲಿ ಅಂದರಂತೆ. ಈ ಸುದ್ದಿ ಮನೆಗೆ ಬಂದಾಗ ನನ್ನ ಮಗ, ಅಂದರೆ ಅವಳಪ್ಪ, ಸುಮ್ಮನಿರಲಿಲ್ಲ. ಎಲ್ಲರಿಗೂ ಹೊಲಿದು ನನ್ನ ಮಗಳಿಗೆ ಮಾತ್ರ ಬಿಟ್ಟರೆ ಅವಳು ಬೇಡದ್ದು ಓದಿ ಮಾರ್ಕ್ಸು ಕಳೆದುಕೊಳ್ತಾಳೆ ಅಂತ ಅವನ ಭಯ. ಹೆಡ್ ಮೇಷ್ಟ್ರಿಗೂ ಅದೇ ಭಯ, ತಾಲ್ಲೂಕಿಗೆ ಮೊದಲು ಬರಬಹುದಾದ ಹುಡುಗಿ ಅಲ್ಲವಾ. ಇಬ್ಬರೂ ಸೇರಿ ಹೇಳಿದ ಮೇಲೆ ಮುನಿಶಾಮಪ್ಪ ಮೇಷ್ಟ್ರು ಮನೆಗೇ ಬಂದು, ನಮ್ಮ ಜಗಲಿ ಮೇಲೆ ಕೂತು ಹೊಲಿದುಕೊಟ್ಟರು. ಹೋಗುವಾಗ ನನ್ನ ಹತ್ತಿರ ಒಂದು ಮಾತು ಹೇಳಿದರು: "ಸಡಿಲವಾಗಿ ಹೊಲ್ದಿದೀನಿ ನಾರಾಯಣಮ್ಮ. ಬೇಕು ಅಂದಾಗ ಬಿಚ್ಕೋಬೋದು." ಆವತ್ತು ಅವರು ಪೋನೀಲೇ ಅನ್ನಲಿಲ್ಲ. ನನಗೆ ಅದು ಈಗ ನೆನಪಾಗುತ್ತೆ.

ಯಾರೂ ಬಿಚ್ಚಲಿಲ್ಲ. ಲೆಕ್ಕದಲ್ಲಿ ನೂರಕ್ಕೆ ನೂರು ಬಂತು. ಡೈರಿ ಮುಂದೆ ಅವಳ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದರು, ಕೆಳಗೆ ಊರಿನ ದೊಡ್ಡೋರ ಸಣ್ಣ ಸಣ್ಣ ಮುಖಗಳು. ನಾನು ಆ ಪುಸ್ತಕವನ್ನ ದೇವರ ಗೂಡಿನಲ್ಲಿ ಇಟ್ಟೆ. ನೂರು ಮಾರ್ಕ್ಸು ಕೊಟ್ಟ ಪುಸ್ತಕ, ಹಳೇ ಪೇಪರಿನವನಿಗೆ ಹಾಕೋಕೆ ಮನಸ್ಸು ಬರುತ್ತಾ? ಶುಕ್ರವಾರ ದೀಪ ಹಚ್ಚುವಾಗ ಅದಕ್ಕೂ ಒಂದು ಕುಂಕುಮ ಇಡುತ್ತಿದ್ದೆ.

ಆಮೇಲೆ ಚಿಕ್ಕಬಳ್ಳಾಪುರದಲ್ಲಿ ಪಿಯುಸಿ. ಅಲ್ಲಿ ಲೆಕ್ಕ ಕನ್ನಡದಿಂದ ಇಂಗ್ಲಿಷಿಗೆ ತಿರುಗಿತು. ಅಲ್ಲಿನವರ ಹತ್ತಿರ ದಬ್ಬಣ ಇರಲಿಲ್ಲ, ಬ್ಲೂಪ್ರಿಂಟ್ ಅಂತ ಇತ್ತಂತೆ. ಯಾವ ಪಾಠಕ್ಕೆ ಎಷ್ಟು ಮಾರ್ಕು, ಯಾವುದನ್ನ ಬಿಟ್ಟರೂ ನಡೆಯುತ್ತೆ ಅಂತ ಅದರಲ್ಲೇ ಇರುತ್ತಂತೆ. ಅಲ್ಲೂ ಸೂತ್ರ ಬಾಯಿಪಾಠ ಮಾಡಿದಳು, ಅಲ್ಲೂ ಮಾರ್ಕ್ಸು ಬಂತು. ಲೆಕ್ಕದಲ್ಲಿ ಇಷ್ಟು ಮಾರ್ಕ್ಸು ಬಂದವಳು ಬೇರೆ ಏನು ತಗೋತಾಳೆ? ಡಿಗ್ರಿಗೆ ಲೆಕ್ಕವನ್ನೇ ತಗೊಂಡಳು. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು. ಚೆನ್ನಾಗಿದೆಯೇನಮ್ಮ ಅಂದರೆ ಹೂಂ ಅನ್ನುತ್ತಿದ್ದಳು. ಊಟ ಕಮ್ಮಿಯಾಗಿತ್ತು. ನಾನು ಕಾಲೇಜಿನ ಓದು ಹಾಗೇ ಇರಬೇಕು ಅಂದುಕೊಂಡೆ.

ಒಂದು ದಿನ ಮಗನಿಗೆ ಜ್ವರ ಅಂತ ಸೇವಂತಿಗೆ ಚೀಲಗಳ ಜೊತೆ ನಾನೇ ಹೂವಿನ ಮಾರ್ಕೆಟ್ಟಿಗೆ ಹೋಗಿದ್ದೆ. ಹರಾಜು ಮುಗಿದು, ಜನ ಕರಗಿ, ಟೀ ಕುಡಿಯೋಣ ಅಂತ ತಿರುಗಿದರೆ ಗೋಡೆ ಪಕ್ಕ ಖಾಲಿ ಚೀಲಗಳ ಮೇಲೆ ಒಂದು ಹುಡುಗಿ ಕೂತಿದೆ. ತೊಡೆ ಮೇಲೆ ಕಾಲೇಜು ಬ್ಯಾಗು. ದುಪ್ಪಟ್ಟ ತಲೆ ಮೇಲೆ ಎಳೆದುಕೊಂಡಿದೆ. ಹತ್ತಿರ ಹೋದ ಮೇಲೆ ನಮ್ಮ ಮಗು ಅಂತ ಗೊತ್ತಾಯಿತು. ಆಗ ಕ್ಲಾಸು ನಡೆಯೋ ಹೊತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳೇ ಬಾಯಿ ಬಿಟ್ಟಳು.

"ಅಜ್ಜಿ, ಆ ಫ್ಲೆಕ್ಸ್ ಇಳಿಸೋಕೆ ಹೇಳು."

ಅಲ್ಲಿಂದ ಒಂದೊಂದಾಗಿ ಬಂತು. ಕಾಲೇಜಿನಲ್ಲಿ ಕ್ಯಾಲ್ಕುಲಸ್ ಅಂತ ಒಂದು ಲೆಕ್ಕವಂತೆ. ಬಗ್ಗಿದ ಗೆರೆ ಯಾವ ಜಾಗದಲ್ಲಿ ಎಷ್ಟು ಕಡಿದಾಗಿದೆ, ಎಲ್ಲಿ ಏರುತ್ತೆ, ಎಲ್ಲಿ ಇಳಿಯುತ್ತೆ ಅಂತ ನೋಡೋದಂತೆ. ಇವಳಿಗೆ ಸೂತ್ರ ಎಲ್ಲ ಬರುತ್ತಿತ್ತು, ಗೆರೆ ಏನು ಹೇಳುತ್ತೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಅಲ್ಲಿನ ಲೆಕ್ಚರರು ಇದೆಲ್ಲ ನೀವು ಹೈಸ್ಕೂಲು ಪಿಯುಸೀಲೇ ಓದಿರೋದಲ್ವಾ ಅಂತ ಹೇಳಿ ಮುಂದಕ್ಕೆ ಹೋಗುತ್ತಿದ್ದರು. ನೂರಕ್ಕೆ ನೂರು ತಗೊಂಡ ಹುಡುಗಿ ಯಾವ ಮುಖ ಇಟ್ಟುಕೊಂಡು ಎದ್ದು ನಿಂತು ಗೊತ್ತಿಲ್ಲ ಅನ್ನಬೇಕು? ಮೊದಲನೇ ಪರೀಕ್ಷೆಯಲ್ಲೇ ಲೆಕ್ಕ ಫೇಲಾಗಿದ್ದಳು. ಮನೆಯಲ್ಲಿ ಹೇಳಿರಲಿಲ್ಲ. "ಕ್ಲಾಸಿಗೆ ಹೋದ್ರೆ ಅವ್ರೆಲ್ಲ ನೋಡ್ತಾರೆ, ಊರಿಗೆ ಬಂದ್ರೆ ಆ ಫ್ಲೆಕ್ಸ್ ನೋಡುತ್ತೆ. ನಾನೆಲ್ಲಿಗೆ ಹೋಗ್ಲಿ ಅಜ್ಜಿ" ಅಂದಳು.

ಮನೆಯಲ್ಲಿ ಇನ್ನೊಂದು ವಿಷಯ ಇತ್ತು, ಅವಳಿಗೂ ಗೊತ್ತಿತ್ತು. ಶಿಡ್ಲಘಟ್ಟದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಓದುವ ಮಗು, ಡಿಗ್ರಿ ಮುಗೀಲಿ ಅಂತ ಮಗ ಅವರನ್ನು ನಿಲ್ಲಿಸಿದ್ದ. ಫೇಲು ಅಂತ ಗೊತ್ತಾದರೆ ಅವನ ಬಾಯಲ್ಲಿ ಆ ಮಾತು ಉಳಿಯೋದಿಲ್ಲ. ಮತ್ತೊಂದು ಸಲ ಬರೆಯೋ ಪರೀಕ್ಷೆ ಮುಂದಿತ್ತು, ಅದೂ ಹೋದರೆ ಮುಗೀತು.

ಆವತ್ತು ಸಂಜೆ ಮೇಷ್ಟ್ರ ಮನೆಗೆ ಹೋದೆ. ಆಗಲೇ ರಿಟೈರಾಗಿ ಊರ ಕೊನೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ನಾನು ಹೇಳಿದ್ದೆಲ್ಲ ಕೇಳಿದರು. ನಾನು ಅವರನ್ನು ಬೈಯೋಕೆ ಹೋಗಿರಲಿಲ್ಲ, ದಾರಿ ಕೇಳೋಕೆ ಹೋಗಿದ್ದೆ. ಅವರು ಮಾತ್ರ ಬೈಸಿಕೊಂಡವರ ಹಾಗೆ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಆ ಪುಸ್ತಕ ಇದೆಯಾ ಅಂತ ಒಂದೇ ಮಾತು ಕೇಳಿದರು.

ಮಾರನೇ ದಿನ ಮೊಪೆಡ್ಡಿನ ಸದ್ದು ಕೇಳಿತು. ದೇವರ ಗೂಡಿನಿಂದ ಪುಸ್ತಕ ತಂದುಕೊಟ್ಟೆ. ರಟ್ಟಿನ ಮೇಲೆ ಕುಂಕುಮ, ಅರಿಶಿನ, ಒಂದು ಒಣಗಿದ ಹೂವು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. "ಅಯ್ಯೋ ನಾರಾಯಣಮ್ಮ, ಹೊಲ್ದಿಟ್ಟ ದೇವರಿಗೆ ಪೂಜೆ ಬೇರೆ ಮಾಡಿದೀರಲ್ಲ" ಅಂದರು. ಭುಜ ಕುಣಿಯಲಿಲ್ಲ.

ಹರ್ಷಿತ ಬಾಗಿಲ ಹಿಂದೆ ನಿಂತಿದ್ದಳು. ಎಷ್ಟು ಕರೆದರೂ ಬರಲಿಲ್ಲ. ಆಮೇಲೆ ಬಂದವಳು ನಿಂತುಕೊಂಡೇ ಕೇಳಿಬಿಟ್ಟಳು:

"ನೀವೇ ಹೊಲ್ದಿದ್ದಲ್ವಾ ಸಾರ್? ಈಗ ಎಸ್ಸೆಸ್ಸೆಲ್ಸಿ ಪುಸ್ತಕ ತೆಗೆದ್ರೆ ನನ್ನ ಡಿಗ್ರಿ ಪಾಸಾಗುತ್ತಾ?"

ನಾನು ಗದರಿಸೋಕೆ ಹೋದೆ. ಮೇಷ್ಟ್ರು ಕೈ ಅಡ್ಡ ಹಿಡಿದು, ನನ್ನನ್ನು ತಡೆದು, ಅವಳಿಗೆ ಹೇಳಿದರು. ಅವರಿಗೆ ಹೊಸದಾಗಿ ಕೆಲಸ ಸಿಕ್ಕಿದಾಗ ಬೇರೆ ಊರಿನ ಸ್ಕೂಲಿನಲ್ಲಿ ಪುಸ್ತಕ ಪೂರ್ತಿ ಮಾಡುತ್ತಿದ್ದರಂತೆ, ಯಾಕೆ ಏನು ಎಲ್ಲ ಹೇಳಿಕೊಟ್ಟು. ಅಲ್ಲಿ ಒಂದು ಹುಡುಗಿ ಲೆಕ್ಕ ಒಂದರಲ್ಲಿ ಫೇಲಾಯಿತಂತೆ. ಮನೆಯವರು ಇನ್ನೊಂದು ಸಲ ಪರೀಕ್ಷೆ ಕಟ್ಟಿಸಲಿಲ್ಲ, ಆ ಬೇಸಿಗೆಯಲ್ಲೇ ಮದುವೆ ಮಾಡಿದರು. ಇನ್ನೊಂದು ಕಡೆ ಶಿಕ್ಷಣ ಇಲಾಖೆ ಆಫೀಸಿನ ಮೀಟಿಂಗಿನಲ್ಲಿ ರಿಸಲ್ಟು ಕಮ್ಮಿ ಬಂದ ಮೇಷ್ಟ್ರುಗಳನ್ನು ಎಲ್ಲರ ಮುಂದೆ ಎದ್ದು ನಿಲ್ಲಿಸುತ್ತಿದ್ದರಂತೆ, ಇವರೂ ನಿಂತಿದ್ದರು. "ನಿಂತಿದ್ದು ಮರೆತುಹೋಯ್ತು. ಆ ಹುಡುಗೀನ ಮರೆಯೋಕೆ ಆಗ್ಲಿಲ್ಲ. ಆವಾಗ ನಮ್ಮಪ್ಪನ ದಬ್ಬಣ ತಗೊಂಡೆ. ನಿಮ್ಮನ್ನೆಲ್ಲ ಹತ್ತನೇ ಕ್ಲಾಸು ದಾಟಿಸೋದು ಹೆಂಗೆ ಅಂತ ನನಗೆ ಗೊತ್ತಿತ್ತಮ್ಮ. ದಾಟಿದ ಮೇಲೆ ಏನು ಅಂತ ನಾನು ನೋಡೋಕೆ ಹೋಗ್ಲಿಲ್ಲ."

ಹರ್ಷಿತ ಒಳಗೆ ಹೋಗಿ ಅವಳಪ್ಪನ ಶೇವಿಂಗ್ ಬ್ಲೇಡು ತಂದು ಅವರ ಮುಂದೆ ಇಟ್ಟಳು. ಮೇಷ್ಟ್ರು ಮೊದಲನೇ ಕಟ್ಟು ಬಿಚ್ಚಿದರು.

ಬಹುಪದೋಕ್ತಿ ಅಂತ ಆ ಪಾಠದ ಹೆಸರು. ತುಂಬ ಬಗ್ಗಿದ ಗೆರೆಗಳ ಚಿತ್ರ ಇತ್ತು, ಹಾಳೆಗಳು ಹೊಸದರ ಹಾಗೆ ಬೆಳ್ಳಗಿದ್ದವು. ನಾನು ಹೂ ಕಟ್ಟುತ್ತಾ ನೋಡುತ್ತಿದ್ದೆ. ಮೇಷ್ಟ್ರು ಸ್ಕೇಲು ತೆಗೆದುಕೊಂಡು ಎದುರಿಗಿದ್ದ ಸ್ಕಂದಗಿರಿಯ ಅಂಚಿಗೆ ಕಣ್ಣಳತೆಯಲ್ಲಿ ಮುಟ್ಟಿಸಿ ಹಿಡಿದರು. ಬುಡದಲ್ಲಿ ಮುಟ್ಟಿಸಿ ಸ್ಕೇಲು ಎಷ್ಟು ಎದ್ದಿದೆ ಅಂತ ಕೇಳಿದರು. ಮಧ್ಯದಲ್ಲಿ ಮುಟ್ಟಿಸಿ ಈಗ ಎಷ್ಟು ಅಂದರು. ತುದಿಯಲ್ಲಿ ಮುಟ್ಟಿಸಿದಾಗ ಹರ್ಷಿತ ತಾನಾಗಿಯೇ "ಮಲಗಿಬಿಡ್ತು ಸಾರ್" ಅಂದಳು. "ನಿಮ್ಮ ಕಾಲೇಜಿನವರು ಇದನ್ನೇ ಏರು ಸೊನ್ನೆ ಅಂತಾರೆ ಕಣಮ್ಮ. ಪಾಪ, ಅವರ ಕಿಟಕೀಲಿ ಬೆಟ್ಟ ಕಾಣಲ್ವೇನೋ" ಅಂದರು. ಅವಳು ನಕ್ಕಳು. ಎಷ್ಟೋ ತಿಂಗಳಾಗಿತ್ತು ಅವಳು ನಕ್ಕು.

ಒಂದೇ ಸಲಕ್ಕೆ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಮೇಷ್ಟ್ರಿಗೇ ಆ ಕಾಲೇಜಿನ ಲೆಕ್ಕ ಮರೆತುಹೋಗಿತ್ತು. ಎಷ್ಟೋ ದಿನ ಇಬ್ಬರೂ ಒಂದೇ ಕಡೆ ಸಿಕ್ಕಿಹಾಕಿಕೊಂಡು, ಒಬ್ಬರು ಬೆಟ್ಟ ಒಬ್ಬರು ನೆಲ ನೋಡುತ್ತಾ ಕೂತಿರೋರು. ನಾನು ಟೀ ಕೊಟ್ಟರೆ ಇಬ್ಬರೂ ಆರಿಸಿಬಿಡೋರು. ಒಂದು ಸಲ ನಮ್ಮ ಹೂವಿನ ಗಿಡದ ಬೆಳವಣಿಗೆ ಇಟ್ಟುಕೊಂಡು ಏನೋ ಉದಾಹರಣೆ ಹೇಳೋಕೆ ಹೊರಟು, ಗೊಬ್ಬರ ನೀರು ಎಲ್ಲ ಸೇರಿಸಿಕೊಂಡು ಅವರೇ ದಾರಿ ತಪ್ಪಿದರು. "ಸಾರ್, ಸೇವಂತಿಗೆ ಬಿಡಿ, ಲೆಕ್ಕ ಹೇಳಿ" ಅಂದಳು ಇವಳು. ಗೊತ್ತಾಗದಿದ್ದರೆ ಮೊಪೆಡ್ಡು ಹತ್ತಿ ಕಾಲೇಜಿಗೇ ಹೋಗಿ, ಆ ಲೆಕ್ಚರರನ್ನ ಕಾದು ನಿಂತು, ತಮ್ಮ ಡೌಟು ಕೇಳಿಕೊಂಡು ಬರೋರು. ಅವರ ಮಗನ ವಯಸ್ಸಿನ ಲೆಕ್ಚರರಂತೆ. ಆತನೂ ಕೆಟ್ಟವನಲ್ಲ. ವರ್ಷವೂ ಇಂಥ ಮಕ್ಕಳೇ ಬರುತ್ತಾರೆ, ನಿಂತು ಹಿಂದಿನದು ಹೇಳಿದರೆ ನನ್ನ ಸಿಲಬಸ್ ಮುಗಿಯಲ್ಲ ಸಾರ್, ನಾನೇನು ಮಾಡಲಿ ಅಂದನಂತೆ.

ಅದನ್ನ ನನಗೆ ಹೇಳಿ ಮೇಷ್ಟ್ರು ಅಂದರು: "ಡಿಗ್ರಿಯವರು ಪಿಯುಸಿ ಕಡೆ ಕೈ ತೋರಿಸ್ತಾರೆ. ಪಿಯುಸಿಯವರು ನನ್ನ ಕಡೆ. ನಾನು ಪ್ರೈಮರಿ ಕಡೆ ತೋರಿಸ್ತಿದ್ದೆ. ಪ್ರೈಮರಿಯವರು ಅಂಗನವಾಡಿ ಕಡೆ, ಅಂಗನವಾಡಿಯವರು ನಿಮ್ಮ ಕಡೆ ತೋರಿಸ್ತಾರೆ ನಾರಾಯಣಮ್ಮ. ನೀವು ಯಾರ ಕಡೆ ತೋರಿಸ್ತೀರಿ?" ನಾನು ದನದ ಕೊಟ್ಟಿಗೆ ಕಡೆ ಕೈ ತೋರಿಸಿದೆ. ಆವತ್ತು ಅವರ ಭುಜ ಬಹಳ ಹೊತ್ತು ಕುಣಿಯಿತು.

ಮಗನಿಗೆ ಈ ನಡುವೆ ಫೇಲಾದ ವಿಷಯ ತಿಳಿದಿತ್ತು. ಈ ಒಂದು ಪರೀಕ್ಷೆ ನೋಡ್ತೀನಿ, ಆಮೇಲೆ ನನ್ನನ್ನ ಕೇಳಬೇಡಿ ಅಂದುಬಿಟ್ಟ. ಆವತ್ತೇ ಹೋಗಿ ಫ್ಲೆಕ್ಸು ಮಾತ್ರ ಅವನೇ ಇಳಿಸಿಕೊಂಡು ಬಂದ. ಒಳ್ಳೇ ಗಟ್ಟಿ ಫ್ಲೆಕ್ಸು, ಕಿತ್ತ ಹೂವಿನ ರಾಶಿಗೆ ಇಬ್ಬನಿ ಬೀಳದ ಹಾಗೆ ಹೊದಿಸುತ್ತಿದ್ದೀವಿ.

ಮೇಷ್ಟ್ರಿಗೆ ಅಷ್ಟರಲ್ಲಿ ಉಸಿರಾಟದ ತೊಂದರೆ ಜಾಸ್ತಿಯಾಯಿತು. ಗೌರಿಬಿದನೂರಿನಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋಗುತ್ತೀನಿ ಅಂದಳು. ಹೊರಡುವ ದಿನ ನಮ್ಮ ಮನೆಗೆ ಬಂದರು. ಪರೀಕ್ಷೆ ಇನ್ನೂ ಆಗಿರಲಿಲ್ಲ. ಹರ್ಷಿತ ಪುಸ್ತಕ ತಂದಳು. ಹೊಲಿದಿದ್ದ ಕಟ್ಟುಗಳಲ್ಲಿ ಒಂದು ಮಾತ್ರ ಉಳಿದಿತ್ತು. ಅವಳು ಬ್ಲೇಡು ಕೊಡೋಕೆ ಹೋದರೆ ಅವರು ತಗೊಳ್ಳಲಿಲ್ಲ.

"ಇದನ್ನ ನೀನೇ ಬಿಚ್ಕೋ. ನಾನಿಲ್ಲದೆ ಓದಿ ನೋಡು. ಬರಲಿಲ್ಲ ಅಂದ್ರೂ ಬರಲಿಲ್ಲ ಅಂತ ಎದ್ದು ನಿಂತು ಕೇಳಬೇಕು. ಅಲ್ಲಿ ನೂರಕ್ಕೆ ನೂರಿನ ಹುಡುಗಿ ಯಾರೂ ಇಲ್ಲ ಅಂದ್ಕೋ."

ಆಮೇಲೆ ಜೇಬಿನಿಂದ ದಬ್ಬಣ ತೆಗೆದು ನನ್ನ ಕೈಗಿಟ್ಟರು. ನಿಮ್ಮ ಹೂವಿನ ಚೀಲಕ್ಕೆ ಆಗುತ್ತೆ ಇಟ್ಕೊಳಿ, ನಮ್ಮಪ್ಪ ಅದನ್ನ ಇಟ್ಕೊಂಡಿದ್ದು ಮೂಟೆಗೆ ಅಂದರು. ಎಷ್ಟೋ ವರ್ಷ ಕೈಯಲ್ಲಿ ಆಡಿ ಅದರ ಮೈ ನುಣ್ಣಗಾಗಿತ್ತು. ಜಗಲಿ ಇಳಿಯುವಾಗ ಒಂದು ಸಲ ನಿಂತು ಬೆಟ್ಟ ನೋಡಿದರು. ಎಷ್ಟು ಪುಸ್ತಕ ಹೊಲ್ದಿದೀನೋ, ಎಲ್ಲರ ಮನೆಗೂ ಹೋಗೋಕೆ ಆಗುತ್ತಾ ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ನಾನು ಸಮಾಧಾನಕ್ಕೆ ಪೋನೀಲೇ ಮೇಷ್ಟ್ರೇ ಅಂದೆ. ಅವರು ಇಲ್ಲ ಅನ್ನೋ ಹಾಗೆ ತಲೆ ಆಡಿಸಿ ಹೋದರು.

ಅದೇ ಕೊನೆ. ಅವಳು ಪರೀಕ್ಷೆ ಬರೆದ ವಾರದಲ್ಲಿ ಗೌರಿಬಿದನೂರಿನಿಂದ ಸುದ್ದಿ ಬಂತು.

ಈವತ್ತು ರಿಸಲ್ಟು. ಹರ್ಷಿತ ಫೋನು ಹಿಡಿದು ಒಲೆ ಮುಂದೆ ಬಂದು ನಿಂತಳು. ಪಾಸು ಅಜ್ಜಿ, ಅಂಚಿಗೆ ಪಾಸು ಅಂದಳು. ಇಷ್ಟು ಕಮ್ಮಿ ಮಾರ್ಕ್ಸು ಅವಳ ಜನ್ಮದಲ್ಲೇ ಬಂದಿರಲಿಲ್ಲ. ನೂರು ಬಂದ ದಿನ ಅವಳು ಇಷ್ಟು ನಕ್ಕಿರಲಿಲ್ಲ, ನಾನೂ ಇಷ್ಟು ಅತ್ತಿರಲಿಲ್ಲ. ಮಗ ತೋಟದಿಂದ ಬಂದವನು ಮಾರ್ಕ್ಸು ಕೇಳಿ, ಶಿಡ್ಲಘಟ್ಟದವರಿಗೆ ಬೇಡ ಅಂತ ಹೇಳಿಬಿಡ್ತೀನಿ ಅಂದ. ಇನ್ನೂ ಎಷ್ಟೋ ಪೇಪರು ಮುಂದಿದೆಯಂತೆ. ಕ್ಲಾಸಿನಲ್ಲಿ ಎದ್ದು ನಿಂತು ಕೇಳುತ್ತಾಳಂತೆ, ಅವಳು ಕೇಳಿದ ಮೇಲೆ ಹಿಂದಿನ ಬೆಂಚಿನವರೂ ಕೇಳುತ್ತಾರಂತೆ.

ಸಂಜೆ ಪುಸ್ತಕ ತಂದು ನನ್ನ ಪಕ್ಕ ಕೂತು ಆ ಕೊನೆಯ ಕಟ್ಟು ಬಿಚ್ಚಿದಳು. ಸಡಿಲವಾಗಿ ಹೊಲಿದಿದ್ದರು, ಬ್ಲೇಡೇ ಬೇಕಾಗಲಿಲ್ಲ, ಎಳೆದರೆ ಬಂತು. ಅವಳು ಓದೋಕೆ ಕೂತಳು. ನಾನು ಆ ದಾರಕ್ಕೆ ಮೊದಲು ಬಿಚ್ಚಿದ ಕಟ್ಟುಗಳ ತುಂಡುಗಳನ್ನೂ ಸೇರಿಸಿ ಗಂಟು ಹಾಕಿ, ಮೇಷ್ಟ್ರ ದಬ್ಬಣಕ್ಕೆ ಪೋಣಿಸಿ, ನಾಳೆ ಮಾರ್ಕೆಟ್ಟಿಗೆ ಹೋಗೋ ಸೇವಂತಿಗೆ ಚೀಲದ ಬಾಯಿ ಹೊಲಿದಿಟ್ಟೆ.